ಬಾಗಿಲಿಗೆ ನೀರು ಹಾಕಿದ ಸಂಕ್ರಾಂತಿ

ಎಂಟು ವರ್ಷ ಮೂರನೆಯ ಮಹಡಿಯಲ್ಲಿ ಕಳೆದ ಮೇಲೆ ಜರ್ಮನಿಯ ವಾಲ್‌ಡಾರ್ಫ್ ಹತ್ತಿರದ ಹಳ್ಳಿಯೊಂದರಲ್ಲಿ ನಮಗೆ ನೆಲಮಟ್ಟದ ಬಾಡಿಗೆ ಮನೆ ಸಿಕ್ಕಿತು. ಮುಂದೆ ಡಾಂಬರು ಹಾಕಿದ ಪುಟ್ಟ ಓಣಿ. ಅದರಲ್ಲಿ ಎರಡೇ ಮನೆ, ನಮ್ಮದು ಮತ್ತು ಪಕ್ಕದ ಜರ್ಮನ್ ಅಜ್ಜನದು. ಆ ಓಣಿ ಕಂಡಾಗಲೆಲ್ಲ ನನ್ನ ಕೈ ತುರಿಸುತ್ತಿತ್ತು. ಹೊಸಿಲ ಮುಂದೆ ಇಷ್ಟು ಜಾಗವಿದ್ದೂ ನೀರು ಹಾಕಿ ರಂಗೋಲಿ ಬಿಡದೆ ಇರುವುದೆಂದರೇನು?

ಸಂಕ್ರಾಂತಿಯ ದಿನ ಬೆಳಿಗ್ಗೆ ಏಳಕ್ಕೆ ಸ್ನಾನ ಮುಗಿಸಿ ಒಂದು ಬಕೆಟ್ ನೀರನ್ನು ಧಾರಾಳವಾಗಿ ಎರಚಿದೆ, ಅಜ್ಜನ ಗೇಟಿನವರೆಗೂ. ಬೆರಳು ಮರಗಟ್ಟಿದ್ದರೂ ಏಳು ಚುಕ್ಕಿಯ ರಂಗೋಲಿ ಬಿಟ್ಟು ಜಂಬದಿಂದ ಒಳಗೆ ಬಂದೆ. ಹೊರಗೆ ಮೈನಸ್ ಆರು ಡಿಗ್ರಿ ಎಂದು ನನಗೆ ಗೊತ್ತಿತ್ತು. ನೀರು ಹೆಪ್ಪುಗಟ್ಟುತ್ತದೆಂದೂ ಗೊತ್ತಿತ್ತು. ನಾನು ಎಂಜಿನಿಯರಿಂಗ್ ಓದಿದವಳು. ಎರಡೂ ಒಟ್ಟಿಗೆ ತಲೆಗೆ ಹೋಗಲಿಲ್ಲ, ಅಷ್ಟೆ.

ಎಂಟಕ್ಕೆ ಸ್ವಲ್ಪ ಮುಂಚೆ ಆಫೀಸಿಗೆ ಹೊರಟ ಗಂಡ ಕಾರಿನ ಬಾಗಿಲಿಗೆ ಜೋತುಬಿದ್ದು ಕೂಗಿದರು. "ಏನೇ ಇದು, ಸ್ಕೇಟಿಂಗ್ ರಿಂಕ್ ಮಾಡಿಟ್ಟಿದ್ದೀಯಲ್ಲ! ಅಜ್ಜ ಈಗ ಬರೋ ಟೈಮು!"

ಸೊಂಟದ ಕೀಲಿನ ಆಪರೇಷನ್ ಆದ ಮೇಲೆ ಅಜ್ಜ ಮೊದಲ ಸಲ ಒಬ್ಬರೇ ಬೇಕರಿಗೆ ನಡೆದುಹೋಗುವ ದಿನ ಅದು. ವಾರದಿಂದ ಬೇಲಿಯಾಚೆ ನಿಂತು ಅದೊಂದೇ ಮಾತು ಆಡುತ್ತಿದ್ದರು. ನಾನು ಅಡುಗೆಮನೆಗೆ ಓಡಿ, ಕಲ್ಲುಪ್ಪಿನ ಪೊಟ್ಟಣ ಹರಿದು ತಂದು, ಎರಚಲು ಕೈ ಎತ್ತಿದೆ.

"ನೈನ್! ಬೇಡ, ಉಪ್ಪು ಬೇಡ!"

ಅಜ್ಜ ಕೋಟು ತೊಟ್ಟು ತಮ್ಮ ಬಾಗಿಲಲ್ಲಿ ನಿಂತಿದ್ದರು. ಉಪ್ಪುನೀರು ಓಣಿಯ ಅಂಚಿನ ಚೆರಿ ಮರದ ಬೇರಿಗೆ ಇಳಿದು ಮರ ಒಣಗುತ್ತದಂತೆ.

"ನೀವು ಬಿದ್ದರೆ?" ನನ್ನ ಹರಕು ಜರ್ಮನ್‌ನಲ್ಲಿ ಕೇಳಿದೆ.

"ಸೊಂಟವಾದರೆ ಹೊಸದು ಹಾಕುತ್ತಾರೆ. ಮರಕ್ಕೆ ನಲವತ್ತು ವರ್ಷ ಕಾಯಬೇಕು."

ಬೈದಿದ್ದರೂ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ಅವರು ಹೇಳಿದಂತೆ ಗಂಡ ಅಜ್ಜನ ಶೆಡ್ಡಿನಿಂದ ಬಕೆಟ್ ತಂದರು. ಅದರ ತುಂಬ ಸ್ಪ್ಲಿಟ್, ಎಂದರೆ ಸಣ್ಣ ಜಲ್ಲಿಚೂರು. ಚಳಿಗಾಲ ಕಳೆದ ಮೇಲೆ ಅದನ್ನೇ ಗುಡಿಸಿ ಬಾಚಿ ಮುಂದಿನ ವರ್ಷಕ್ಕೆ ಎತ್ತಿಡುತ್ತಾರಂತೆ. ಹಾಲಿನ ಕವರನ್ನೂ ತೊಳೆದು ಒಣಹಾಕುವ ನಮ್ಮ ಅತ್ತೆಗೆ ಈ ಅಜ್ಜ ಖಂಡಿತ ಹಿಡಿಸುತ್ತಿದ್ದರು.

"ರಾಶಿ ಹಾಕಬೇಡಿ. ಕೋಳಿಗೆ ಕಾಳು ಹಾಕುವ ಹಾಗೆ," ಎಂದು ಅಜ್ಜ ಬಾಗಿಲಿಂದಲೇ ಉಸ್ತುವಾರಿ ನಡೆಸಿದರು. ನಾನು ಬಗ್ಗಿ ಬಗ್ಗಿ ಎರಚಿದೆ, ರಂಗೋಲಿಯ ಮೇಲೂ ಎರಚಿದೆ.

"ಇವತ್ತು ಒಳಗೇ ಇರಿ, ಬ್ರೆಡ್ ನಾನೇ ತಂದುಕೊಡುತ್ತೇನೆ," ಎಂದೆ.

"ಬ್ರೆಡ್ ಫ್ರೀಜರಿನಲ್ಲಿ ಬೇಕಾದಷ್ಟಿದೆ," ಎಂದು ಅವರು ಮೆಟ್ಟಿಲಿಳಿದರು.

ಅವರ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಕಾಲಡಿ ಜಲ್ಲಿ ಕರಕರ ಎನ್ನುತ್ತಿತ್ತು. ಒಂದೊಂದು ಹೆಜ್ಜೆಗೂ ನಾನೇ ಉಸಿರು ಬಿಗಿಹಿಡಿಯುತ್ತಿದ್ದೆ. ಓಣಿ ಮುಗಿದು ಒಣಗಿದ ರಸ್ತೆ ಸಿಕ್ಕಿದಾಗ ಅವರು ನಿಂತರು.

"ಇನ್ನು ಬಿಡಿ."

ಬಿಡಲು ಭಯ. ಆದರೂ ಬಿಟ್ಟೆ. ಅಜ್ಜ ಒಮ್ಮೆ ಕೋಟು ಸರಿಮಾಡಿಕೊಂಡು, ಹಿಂದೆ ತಿರುಗಿ ನೋಡದೆ ಬೇಕರಿಯ ಕಡೆ ನಡೆದರು. ಅವರು ತಿರುವು ದಾಟುವವರೆಗೂ ನಾನು ಸ್ವೆಟರಿಲ್ಲದೆ, ಮನೆಯ ಚಪ್ಪಲಿಯಲ್ಲೇ ನಿಂತಿದ್ದೆ. ಬೇರೆ ಯಾವ ಹಬ್ಬದ ದಿನವೂ ಅಷ್ಟು ಖುಷಿಯಾಗಿದ್ದು ನನಗೆ ನೆನಪಿಲ್ಲ.