ನಿಂತ ಗಾಳಿಯನ್ನು ನಂಬಿದ್ದು

ಕೋಳಿಗೂಡಿನ ತಗಡು ಹಾರಿಬಂದು ನನ್ನ ಹೆಂಡತಿ ಸುಜಾತಳ ಸೊಂಟಕ್ಕೆ ಬಡಿದದ್ದು ಗಾಳಿ ನಿಂತ ಮೇಲೆ. ಅವಳನ್ನು ಹೊರಗೆ ಕರೆದವನು ನಾನೇ.

ಯಲ್ದೂರಿನ ನಮ್ಮ ಮಾವಿನ ತೋಟದಲ್ಲಿ ಗಾಳಿ ನಿಂತಿತೆಂದರೆ ಮನೆಮಂದಿಯೆಲ್ಲ ಮಂಕರಿ ಹಿಡಿದು ಓಡುತ್ತಿದ್ದೆವು, ಉದುರಿದ ಕಾಯಿ ಕೆಡುವ ಮೊದಲು ಆರಿಸಿಕೊಳ್ಳಲು. ಸ್ಕಾಟ್‌ಲೆಂಡಿನ ಈ ದ್ವೀಪಕ್ಕೆ ಭೌತಶಾಸ್ತ್ರದ ಮೇಷ್ಟ್ರಾಗಿ ಬಂದು ಎರಡು ಚಳಿಗಾಲ ಕಳೆದರೂ ಆ ಅಭ್ಯಾಸ ಹೋಗಿರಲಿಲ್ಲ. "ನಿಂತೋಯ್ತು ಬಾರೇ, ಗೂಡು ನೋಡೋಣ" ಎಂದೆ. ಹತ್ತು ನಿಮಿಷದಲ್ಲಿ, ನೈಋತ್ಯದಿಂದ ಬೀಸಿ ನಿಂತಿದ್ದ ಗಾಳಿ ವಾಯವ್ಯದಿಂದ ಇನ್ನೂ ಬಲವಾಗಿ ನುಗ್ಗಿತು.

ಪಕ್ಕದ ಮನೆಯ ಮುದುಕಿ ಮೊರಾಗ್ ಗೋಡೆ ಹಿಡಿದುಕೊಂಡು ಬಂದು ಬೈದಳು: "ಗಾಳಿ ನಿಂತದ್ದಲ್ಲ, ಉಸಿರೆಳೆದುಕೊಳ್ತಿತ್ತು ಮೇಷ್ಟ್ರೇ! ಮಕ್ಕಳಿಗೆ ಏನು ಪಾಠ ಹೇಳ್ತೀಯೋ!"

ನಾನು ಹೇಳುವುದೂ ಇದೇ ಪಾಠ. ಬೆಚ್ಚನೆ ಗಾಳಿಯೂ ಧ್ರುವದ ಕಡೆಯ ತಣ್ಣನೆ ಗಾಳಿಯೂ ಸೇರುವ ಗಡಿಗೆ ಇಲ್ಲಿ 'ಫ್ರಂಟ್' ಎನ್ನುತ್ತಾರೆ. ಅದು ದಾಟುವಾಗ ಗಾಳಿ ಕೆಲವೊಮ್ಮೆ ಕೊಂಚ ಹೊತ್ತು ನಿಂತು ದಿಕ್ಕು ಬದಲಿಸುತ್ತದೆ. ನಮ್ಮೂರ ಬಿರುಗಾಳಿ ಮಧ್ಯಾಹ್ನದ ಬಿಸಿಲಿಗೆ ಹುಟ್ಟಿ ಸಂಜೆಗೆ ಸಾಯುತ್ತದೆ. ಇಲ್ಲಿಯವು ಸಾಗರ ದಾಟಿ ಬರುತ್ತವೆ, ಒಂದರ ಬಾಲ ಹಿಡಿದು ಇನ್ನೊಂದು.

ಸುಜಾತಳನ್ನು ಹೆಲಿಕಾಪ್ಟರಿನಲ್ಲಿ ಆಚೆ ದಡದ ಆಸ್ಪತ್ರೆಗೆ ಒಯ್ದು ಆರು ದಿನವಾಯಿತು. ನನಗೆ ಅದರಲ್ಲಿ ಜಾಗವಿರಲಿಲ್ಲ. ಅಂದಿನಿಂದ ಹಡಗೂ ಹೊರಟಿಲ್ಲ. ನಾಳೆ ಅವಳಿಗೆ ಆಪರೇಷನ್.

"ಏಪ್ರಿಲ್‌ನಲ್ಲೂ ಹೀಗೇನಾ? ಹವಾಮಾನ ಬದಲಾದದ್ದಕ್ಕಾ?" ಎಂದು ಮೊರಾಗ್‌ಳನ್ನು ಕೇಳಿದೆ.

"ಮುಂಚೆ ಈ ಗಾಳಿಗಳು ಇಷ್ಟು ಮಳೆ ತರುತ್ತಿರಲಿಲ್ಲ ಅನಿಸುತ್ತೆ. ನನಗೆ ಅನಿಸಿದ್ದನ್ನ ನಂಬಬೇಡ."

ಬಿಸಿಯಾದ ಗಾಳಿ ಹೆಚ್ಚು ನೀರು ಹೊರುತ್ತದೆ, ಅದು ಖಚಿತ. ಈ ಬಿರುಗಾಳಿಗಳ ದಾರಿ ಧ್ರುವದತ್ತ ಸರಿಯಬಹುದು, ಸಂಖ್ಯೆ ಇಳಿಯಬಹುದು, ಬಲವಾದವು ಇನ್ನೂ ಬಲಿಯಬಹುದು. ಎಷ್ಟೆಂದು ಯಾರೂ ಒಂದೇ ಮಾತು ಹೇಳುವುದಿಲ್ಲ. ನನಗೆ ಬೇಕಿದ್ದದ್ದು ಒಂದು ಹಡಗು.

ಅಷ್ಟರಲ್ಲಿ ಊರಿಂದ ಅಣ್ಣನ ಫೋನು. "ಲೇ ರಘು, ಸುಜಾತಾ ಹೆಂಗಿದಾಳೋ?"

"ನಾಳೆ ಆಪರೇಷನ್. ನಾನಿನ್ನೂ ಇಲ್ಲೇ ಇದೀನಣ್ಣ."

"ಅಯ್ಯೋ... ಇಲ್ಲೂ ಈಗ ಭಾರಿ ಗಾಳಿ ಬಂದು ನಿಂತೋಯ್ತು ಕಣೋ. ನಿಮ್ಮತ್ತಿಗೆ ಮಂಕರಿ ತಗೊಂಡು ಹೊರಟ್ಳು."

"ಬೇಡ! ಒಳಗೆ ಕರಿ ಅತ್ತಿಗೇನ!"

"ಏನ್ಲಾ ಆಯ್ತು ನಿಂಗೆ? ಇಲ್ಲಿ ನಿಂತ್ರೆ ನಿಂತಂಗೇ."

"ನಾವು ಚಿಕ್ಕೋರಿದ್ದಾಗ ಒಂದ್ಸಲಾನೂ ತಿರುಗಿ ಬಂದಿರಲಿಲ್ವಾ? ನಂಗೆ ನೆನಪಾಗ್ತಿಲ್ಲ."

"ಬಂದಿತ್ತೇನೋ. ಯಾರು ನೋಡಿದ್ರು? ಎಲ್ರೂ ನೆಲ ನೋಡ್ತಿದ್ವಲ್ಲ."

ಫೋನಿನಲ್ಲಿ ಕಾಯಿ ಮಂಕರಿಗೆ ಬೀಳುವ ಸದ್ದು ಕೇಳುತ್ತಿತ್ತು. ಇಲ್ಲಿ ಕಿಟಕಿಯಾಚೆಯೂ ಗಾಳಿ ನಿಂತಿತು. ಕಾಲುಗಳು ತಾವಾಗಿಯೇ ಬಾಗಿಲಿಗೆ ಹೊರಟವು. ಕೈ ಅಗುಳಿ ಹಾಕಿತು.