ಬಾಗಿಲ ಮುಂದಿನ ಚಪ್ಪಲಿಗಳು

ನಮ್ಮೂರಿನ ಹೆಸರು ಬರೆಯುವುದಿಲ್ಲ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು ಅಂದುಕೊಳ್ಳಿ, ಸಾಕು. ಹೆಸರು ಹಾಕಿ ನನ್ನ ಬಾಗಿಲಿಗೂ ಜೀಪು ಕರೆಸಿಕೊಳ್ಳುವ ಉಸಾಬರಿ ನನಗೆ ಬೇಡ. ನಾನು ಕೋನಪ್ಪ, ನಾಡಕಚೇರಿ ಎದುರಿನ ಹುಣಸೆಮರದ ಕೆಳಗೆ ಮೂವತ್ತು ವರ್ಷದಿಂದ ಅರ್ಜಿ ಬರೆಯುವವನು. ಊರವರ ಗೋಳನ್ನೆಲ್ಲ ‘ತಮ್ಮಲ್ಲಿ ವಿನಂತಿ’ ಮಾಡಿ ಬರೆದೂ ಬರೆದೂ ಬೆರಳು ಜಡ್ಡು ಕಟ್ಟಿದೆ. ವಜೀರುನ್ನೀಸಾಳ ಬಗ್ಗೆ ಮಾತ್ರ ಯಾರೂ ಕೇಳದೆ ಬರೆಯುತ್ತಿದ್ದೇನೆ.

ಊರಿಗೆಲ್ಲ ಆಕೆ ವಜೀರಮ್ಮ. ಗಂಡ ಸತ್ತು ಇಪ್ಪತ್ತಾರು ವರ್ಷ. ರೇಷ್ಮೆ ನೂಲು ಬಿಚ್ಚುವ ಶೆಡ್ಡಿನಲ್ಲಿ ಕುದಿಯುವ ನೀರಿಗೆ ಕೈ ಹಾಕಿ ಗೂಡಿನ ಎಳೆ ಹುಡುಕುವುದು ಕೆಲಸ. ಬೆಂದು ಬೆಂದು ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು. ರೇಷನ್ ಅಂಗಡಿಯ ಯಂತ್ರ ಆಕೆಯನ್ನು ಆಕೆಯೇ ಎಂದು ಒಪ್ಪುವುದಕ್ಕೆ ನಾಲ್ಕು ಸಲ ಒತ್ತಿಸಿಕೊಳ್ಳುತ್ತಿತ್ತು. ಬಾಯಿ ಮಾತ್ರ ಬೆಂದಿರಲಿಲ್ಲ. "ಏನ್ ಕೋನಪ್ಪಣ್ಣ, ನಿಮ್ಮ ಅಕ್ಷರ ಇರುವೆ ಮಸಿ ತುಳ್ಕೊಂಡು ಓಡೋದಂಗದೆ, ಸಾಹೇಬ್ರು ಹೆಂಗ್ ಓದ್ತಾರೆ?" ಎಂದು ಹತ್ತು ಜನರ ಮುಂದೆ ನನ್ನ ಮಾನ ಕಳೆಯುತ್ತಿದ್ದಳು. ನಾನು ಸಿಟ್ಟಿನ ಮನುಷ್ಯ, ಆದರೆ ಆಕೆಯ ಮೇಲೆ ಸಿಟ್ಟು ನಿಲ್ಲುತ್ತಿರಲಿಲ್ಲ.

ಆಕೆ ಮೊದಲ ಸಲ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದ್ದು ಪಕ್ಕದ ಮನೆಯ ಅಕ್ಕಯ್ಯಮ್ಮನಿಗಾಗಿ. ಬೈಕಿನಲ್ಲಿ ಬಂದ ಯಾರೋ ಅಕ್ಕಯ್ಯಮ್ಮನ ತಾಳಿ ಸರ ಕಿತ್ತುಕೊಂಡು ಹೋಗಿದ್ದರು. ಮನೆಯ ಗಂಡಸರೇ ಸ್ಟೇಷನ್ ಸಹವಾಸ ಬೇಡವೆಂದು ಕೂತಾಗ, ವಜೀರಮ್ಮ ಅವಳ ಕೈ ಹಿಡಿದು ದರದರ ಎಳೆದುಕೊಂಡು ಹೋದಳು. ಅಲ್ಲಿ ಚಲಪತಿ ಅಂತ ಹೊಸದಾಗಿ ಬಂದಿದ್ದ ಹುಡುಗ ಪೊಲೀಸು, ಇಬ್ಬರಿಗೂ ಕುಡಿಯಲು ನೀರು ಕೊಟ್ಟು ಕೂರಿಸಿದ. ಒಂಬತ್ತನೇ ದಿನಕ್ಕೆ ಸರ ಸಿಕ್ಕಿತು. ಆ ಒಂದು ಲೋಟ ನೀರನ್ನು ವಜೀರಮ್ಮ ಇಪ್ಪತ್ತೆರಡು ವರ್ಷ ಮರೆಯಲಿಲ್ಲ. "ಸ್ಟೇಷನ್ನೂ ನಮ್ ಮನೆ ಇದ್ದಂಗೇ ಕಣಮ್ಮ, ಕೇಳೋರು ಬೇಕು ಅಷ್ಟೇ" ಅನ್ನುತ್ತಿದ್ದಳು. ಗಂಡನ ಏಟು ತಿಂದವಳು, ಮಾವ ಹೊರಗೆ ಹಾಕಿದವಳು, ಮಗ ಕಾಣೆಯಾದವಳು, ಎಲ್ಲರೂ ಆಕೆಯ ಹಿಂದೆ ಹೋದರು. ಅರ್ಜಿ ನಾನು ಬರೆದೆ. ಚಲಪತಿ ದಫೇದಾರನಾದ, ಆಕೆಯನ್ನು ಅಮ್ಮ ಅಂತಲೇ ಕರೆಯುತ್ತಿದ್ದ.

ಶೆಡ್ಡುಗಳಿಗೆ ಶುಕ್ರವಾರ ರಜೆ. ಗಂಡಸರು ಮಧ್ಯಾಹ್ನದ ನಮಾಜಿಗೆ ಹೋದ ಹೊತ್ತಿಗೆ ಹೆಂಗಸರು ವಜೀರಮ್ಮನ ಮನೆ ಸೇರುವುದು ರೂಢಿ. ಬಾಗಿಲ ಮುಂದೆ ಹತ್ತು ಹನ್ನೆರಡು ಜೊತೆ ಚಪ್ಪಲಿ. ಯಾರ ಚಪ್ಪಲಿ ಇದೆ ಅಂತ ನೋಡಿಯೇ ಈ ವಾರ ಯಾರ ಮನೆಯಲ್ಲಿ ಜಗಳ ಅಂತ ಬೀದಿ ತಿಳಿದುಕೊಳ್ಳುತ್ತಿತ್ತು. ಅದಕ್ಕೆ ಹೆದರಿ ಎಷ್ಟೋ ಗಂಡಂದಿರು ಕೈ ಇಳಿಸಿದ್ದನ್ನು ನಾನೇ ಕಂಡಿದ್ದೇನೆ.

ಹೋದ ವರ್ಷ ಯುಗಾದಿ ಕಳೆದ ಎರಡನೇ ಶುಕ್ರವಾರ ಹೊರಗಿನಿಂದ ಒಂದು ಪೊಲೀಸ್ ತಂಡ ಬಂತು. ನಲ್ಲಿಕಟ್ಟೆ ಬೀದಿಯ ಒಂದು ಮನೆಯಲ್ಲಿ ಇಸ್ಪೀಟು ಅಡ್ಡೆ ಇದೆ, ಶುಕ್ರವಾರ ಜನ ಸೇರುತ್ತಾರೆ ಅಂತ ಅವರಿಗೆ ಸುಳಿವು. ಅಡ್ಡೆ ಇದ್ದದ್ದು ನಿಜ, ವಜೀರಮ್ಮನ ಮನೆಯಿಂದ ಮೂರನೆಯದು. ಆದರೆ ಜೂಜಾಡುವವರಿಗೆ ಬುದ್ಧಿ ಇರುತ್ತದೆ. ಅವರು ಚಪ್ಪಲಿಗಳನ್ನು ಒಳಗೆ ಒಯ್ದು, ಹೊರಗಿನಿಂದ ಬೀಗ ಹಾಕಿಸಿಕೊಂಡು ಆಡುತ್ತಿದ್ದರು. ಬಂದವರು ಬೀದಿ ಪೂರ್ತಿ ಕಣ್ಣಾಡಿಸಿದರು. ಒಂದೇ ಮನೆಯ ಮುಂದೆ ಚಪ್ಪಲಿ ರಾಶಿ ಇತ್ತು. ಅಲ್ಲಿಗೇ ನುಗ್ಗಿದರು.

ಗಲಾಟೆ ಕೇಳಿ ನಾನು ಹುಣಸೆಮರದಿಂದ ಓಡಿ ಬರುವಷ್ಟರಲ್ಲಿ ಟ್ರಂಕು ಬೀದಿಗೆ ಬಿದ್ದಿತ್ತು. ಹೆಂಗಸರ ಒಳಬಟ್ಟೆಯೆಲ್ಲ ಜಗಲಿ ಮೇಲೆ ಚೆಲ್ಲಾಡಿತ್ತು. ಬೂಟು ಹಾಕಿಕೊಂಡೇ ನಮಾಜಿನ ಚಾಪೆ ತುಳಿದಿದ್ದರು. ಅಕ್ಕಿ ಡಬ್ಬ ಬೋರಲು. ಅಷ್ಟಾದರೂ ಒಂದು ಇಸ್ಪೀಟು ಎಲೆ ಸಿಗಲಿಲ್ಲ. ಗುಡ್ಡ ಅಗೆದು ಇಲಿಯೂ ಸಿಗದಿದ್ದಾಗ ಅಗೆದವನಿಗೆ ಬರುವ ಕೋಪವೇ ಬೇರೆ. ಮುಂದಾಳು ಹನ್ನೊಂದು ಹೆಂಗಸರನ್ನೂ ಬೀದಿಯಲ್ಲಿ ಸಾಲಾಗಿ ನಿಲ್ಲಿಸಿದ. ಲಾಠಿಯ ತುದಿಯಿಂದ ಒಂದೊಂದೇ ಚಪ್ಪಲಿ ಎತ್ತಿ, "ಇದ್ಯಾರ್ದು?" ಎಂದು ಕೇಳಿದ. ಅವರು ತಲೆ ತಗ್ಗಿಸಿ "ನಂದು", "ನಂದು" ಅನ್ನುತ್ತ ಹೋದರು. ಒಬ್ಬ ಪೊಲೀಸು ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿಯುತ್ತಿದ್ದ.

ಚಲಪತಿ ದಾರಿ ತೋರಿಸಲು ಬಂದವನು, ಜೀಪಿನ ಪಕ್ಕ ನಿಂತಿದ್ದ. ವಜೀರಮ್ಮ ಅವನನ್ನೇ ನೋಡುತ್ತಿದ್ದಳು. ಅವನು ಜೀಪಿನ ಚಕ್ರ ನೋಡುತ್ತಿದ್ದ.

ಸಂಜೆಗೆ ಆ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ‘ಜೂಜು ಅಡ್ಡೆಯಲ್ಲಿ ಮಹಿಳೆಯರು’ ಅಂತ ಕೆಳಗೆ ಬರಹ. ಯಾರು ಬಿಟ್ಟರೋ ದೇವರಿಗೇ ಗೊತ್ತು.

ಮಾರನೇ ದಿನ ವಜೀರಮ್ಮ ನನ್ನ ಮರದ ಕೆಳಗೆ ಬಂದು ಕೂತಳು. "ಜಾಸ್ತಿ ಬರೀಬೇಡಿ ಕೋನಪ್ಪಣ್ಣ. ಮನೆ ತಪ್ಪಾಯ್ತು ಅಂತ ಅದೇ ಬೀದೀಲಿ ನಿಂತು ಒಂದ್ ಮಾತು ಹೇಳ್ಲಿ. ಅಷ್ಟೇ."

ಬರೆದೆ. ಇಬ್ಬರೂ ಸ್ಟೇಷನ್ನಿಗೆ ಹೋದೆವು. ಚಲಪತಿ ನಮ್ಮನ್ನು ಒಳಗೆ ಬಿಡದೆ ಗೇಟಿನ ಹತ್ತಿರವೇ ತಡೆದ.

"ನನ್ ಮನೆ ಅಂತ ನಿಂಗೆ ಗೊತ್ತಿರ್ಲಿಲ್ವೇನಪ್ಪ?" ಎಂದು ಆಕೆ ಕೇಳಿದಳು.

"ಗೊತ್ತಿತ್ತಮ್ಮ."

"ಮತ್ತೆ?"

"ಹೊರಗಿಂದ ಬಂದ ಸಾಹೇಬ್ರು. ನಾನ್ ಬಾಯಿ ಹಾಕಿದ್ರೆ ಅಡ್ಡೆಯೋರ ಕೈಲಿ ಮಾಮೂಲು ತಿಂದವ್ನೆ ಅಂತಿದ್ರು. ಹೆಂಡ್ತಿ ಮಕ್ಕಳಿರೋನು ನಾನು." ಆಮೇಲೆ ನನ್ನ ಕಡೆ ತಿರುಗಿದ. "ಕೋನಪ್ಪ, ಅರ್ಜಿ ಕೊಟ್ರೆ ಕರ್ತವ್ಯಕ್ಕೆ ಅಡ್ಡಿ ಅಂತ ಹನ್ನೊಂದು ಜನದ ಮೇಲೂ ಕೇಸು ಹಾಕ್ತಾರೆ. ಬರೆದೋನ್ನೂ ಬಿಡಲ್ಲ. ಯೋಚನೆ ಮಾಡಿ."

ನಾನು ಯೋಚನೆ ಮಾಡಲಿಲ್ಲ. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡೆ. ವಜೀರಮ್ಮ ಅದನ್ನೂ ನೋಡಿದಳು. ಏನಾದರೂ ಬಯ್ಯುತ್ತಾಳೆ ಅಂದುಕೊಂಡೆ, ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಮುಂದಿನ ಶುಕ್ರವಾರ ಆಕೆಯ ಬಾಗಿಲ ಮುಂದೆ ಆಕೆಯದೇ ಒಂದು ಜೊತೆ ಚಪ್ಪಲಿ ಇತ್ತು. ಅದರ ಮುಂದಿನ ಶುಕ್ರವಾರವೂ ಅಷ್ಟೇ. ಆ ಮನೆ ಹೊಸ್ತಿಲು ತುಳಿದರೆ ಕಾಲು ಮುರಿಯುತ್ತೇನೆ ಅಂತ ಗಂಡಂದಿರು ಹೇಳಿದ್ದರು. ವಿಡಿಯೋ ಅವರಿಗೆ ಒಳ್ಳೆಯ ನೆಪವಾಯಿತು. ಇಳಿದಿದ್ದ ಕೈಗಳು ಮತ್ತೆ ಎದ್ದವು. ರಾತ್ರಿ ಗೋಡೆಯಾಚೆ ಅಳು ಕೇಳಿದರೆ ವಜೀರಮ್ಮ ಎದ್ದು ಕೂತುಕೊಳ್ಳುತ್ತಿದ್ದಳಂತೆ, ಹೊರಗೆ ಬರುತ್ತಿರಲಿಲ್ಲ.

ಏಳು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ವಜೀರಮ್ಮನ ಮನೆಗೆ ಮಿಸ್ಬಾ ಬಂದಳು. ಅದೇ ಬೀದಿಯ ಮುಖ್ತಾರನ ಮಗಳು, ಇಪ್ಪತ್ತೊಂದು ವರ್ಷ, ಚಿಂತಾಮಣಿಯ ಫರ್ದೀನನಿಗೆ ಕೊಟ್ಟಿದ್ದರು. ಪಿಂಚಣಿ ಕಾಗದ ಕೊಡಲು ಹೋಗಿದ್ದ ನಾನು ಅಲ್ಲೇ ಇದ್ದೆ. ಹುಡುಗಿ ಹಿತ್ತಲ ಬಾಗಿಲಿನಿಂದ ಬಂದಳು. ಯಾರೂ ನೋಡಬಾರದೆಂದು ಚಪ್ಪಲಿಯನ್ನು ಬುರ್ಖಾದೊಳಗೆ ಮುಚ್ಚಿ ತಂದು, ಮಂಚದ ಕೆಳಗೆ ಇಟ್ಟಳು. ತೋಳು ಎತ್ತಿ ತೋರಿಸಿದಳು. ಇಸ್ತ್ರಿಪೆಟ್ಟಿಗೆಯ ತುದಿಯಿಂದ ಸುಟ್ಟ ಗುರುತು, ಮೂರು ಕಡೆ.

"ಖಾಲಾ, ನನ್ನ ಸ್ಟೇಷನ್‌ಗೆ ಕರ್ಕೊಂಡೋಗಿ. ಈ ಸಲ ಅವ್ರು ನನ್ನ ಉಳ್ಸಲ್ಲ."

ನನ್ನ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು. "ಪೆನ್ನು ಒಳಗಿಡಿ ಕೋನಪ್ಪಣ್ಣ" ಎಂದಳು ವಜೀರಮ್ಮ. ಆಮೇಲೆ ಮಿಸ್ಬಾಳ ಗಲ್ಲ ಹಿಡಿದು, "ಅಲ್ಲಿ ನಮ್ಮೋರು ಯಾರೂ ಇಲ್ಲಮ್ಮ. ನಿನ್ನೂ ಬೀದೀಲಿ ನಿಲ್ಲಿಸಿ ಪಟ ತೆಗೀತಾರೆ. ನಿಮ್ಮಮ್ಮನ ಮನೇಲೇ ನಾಲ್ಕು ದಿನ ಇದ್ದುಬಿಡು" ಅಂದಳು. ಇಪ್ಪತ್ತೆರಡು ವರ್ಷದಲ್ಲಿ ಆ ಮನೆಯಿಂದ ಒಬ್ಬ ಹೆಣ್ಣುಮಗಳನ್ನು ಹಾಗೆ ಕಳಿಸಿದ್ದು ಅದೇ ಮೊದಲು.

ಅಷ್ಟರಲ್ಲಿ ಮುಂಬಾಗಿಲಲ್ಲಿ ಮುಖ್ತಾರನ ಕೂಗು ಕೇಳಿತು. ಹುಡುಗಿ ಬೆದರಿ ಬರಿಗಾಲಲ್ಲೇ ಹಿತ್ತಲಿನಿಂದ ಓಡಿದಳು. ಸಂಜೆ ಫರ್ದೀನ್ ಬಂದು ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದ. ಕಳಿಸಿಕೊಟ್ಟವನು ಅವಳ ಅಪ್ಪನೇ.

ಹನ್ನೆರಡನೇ ದಿನ ಮಿಸ್ಬಾ ಮಹಡಿಯಿಂದ ಬಿದ್ದಳಂತೆ. ಬಟ್ಟೆ ಒಣಹಾಕಲು ಹೋಗಿದ್ದಳಂತೆ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಮಣ್ಣು ಮಾಡಿದ ಮೂರನೇ ದಿನ ಚಲಪತಿ ವಜೀರಮ್ಮನ ಮನೆಗೆ ಬಂದ. ನಾನು ಜಗಲಿಯಲ್ಲಿ ಕೂತಿದ್ದೆ. ಈ ಸಲ ಅವನು ಬಗ್ಗಿ, ಬೂಟಿನ ದಾರ ಬಿಚ್ಚಿ, ಹೊರಗೆ ಜೋಡಿಸಿಟ್ಟು ಒಳಗೆ ಹೋದ. ಬೀದಿಯ ಕಿಟಕಿಗಳೆಲ್ಲ ಆ ಬೂಟುಗಳನ್ನೇ ನೋಡುತ್ತಿದ್ದವು. ನಾನೂ ಒಳಗೆ ಹೋದೆ. ಅವನು ಮಂಚದ ತುದಿಯಲ್ಲಿ ಕೂತು ಪುಸ್ತಕ ತೆಗೆದ.

"ಅಮ್ಮ, ಆ ಹುಡ್ಗಿ ಬಿದ್ದಿದ್ದಲ್ಲ ಅಂತ ನನ್ ಮನಸ್ಸು ಹೇಳ್ತದೆ. ಚಿಂತಾಮಣಿ ಸ್ಟೇಷನ್ನೋರು ಇಲ್ಲಿ ವಿಚಾರಿಸು ಅಂದವ್ರೆ, ಕಾಗದದಲ್ಲಿ ಮಾತ್ರ ಏನೂ ಇಲ್ಲ. ಒಂದು ಕಂಪ್ಲೇಂಟಿಲ್ಲ. ಅವರಪ್ಪ ಬಾಯಿ ಬಿಡ್ತಿಲ್ಲ. ಸಾಯೋ ಮುಂಚೆ ನಿಮ್ಮತ್ರ ಬಂದು ಏನಾದ್ರೂ ಹೇಳಿದ್ಲಾ? ನಿಮ್ಮದೊಂದು ಮಾತು ಸಾಕು, ಅವಳ ಗಂಡನ್ನ ಒಳಗೆ ಹಾಕಿಸ್ತೀನಿ."

ವಜೀರಮ್ಮ ಅವನ ಬರಿಗಾಲುಗಳನ್ನು ನೋಡಿದಳು.

"ಈ ಮನೆಗೆ ಯಾರೂ ಬರಲ್ಲಪ್ಪ ಈಗ" ಅಂದಳು.

ಅವನು ನನ್ನ ಕಡೆ ನೋಡಿದ. "ನಿಂಗೇನಾದ್ರೂ ಗೊತ್ತಾ ಕೋನಪ್ಪ?"

ಗೊತ್ತಿತ್ತು. ಇಸ್ತ್ರಿಪೆಟ್ಟಿಗೆಯ ಮೂರು ಗುರುತು ಕಣ್ಣಾರೆ ಕಂಡಿದ್ದೆ. ಆದರೆ ಸಾಕ್ಷಿ ಹೇಳಿದರೆ ಅಂದೇ ಯಾಕೆ ಬರಲಿಲ್ಲ ಅಂತ ಕೇಳುತ್ತಾರೆ, ನನ್ನನ್ನೂ ಬೀದಿಯಲ್ಲಿ ನಿಲ್ಲಿಸುತ್ತಾರೆ. "ನಂಗೇನ್ ಗೊತ್ತು ಸಾರ್" ಅಂದೆ. ನನ್ನಂಥ ಹೇಡಿಗೆ ಬೆರಳು ಜಡ್ಡು ಕಟ್ಟಿ ಏನು ಬಂತು.

ಚಲಪತಿ ಪುಸ್ತಕ ಮಡಿಚಿ ಎದ್ದ. ಏಳುವಾಗ ಅವನ ಹಿಮ್ಮಡಿಗೆ ಮಂಚದ ಕೆಳಗೆ ಏನೋ ತಗುಲಿತು. ಬಗ್ಗಿ ಎಳೆದ. ತೆಳು ಪಟ್ಟಿಯ, ಮಿರುಗುವ ಕಲ್ಲು ಕೂರಿಸಿದ, ಪುಟ್ಟ ಅಳತೆಯ ಒಂದು ಜೊತೆ ಚಪ್ಪಲಿ. ಅರವತ್ತು ದಾಟಿದ ವಜೀರಮ್ಮನ ಪಾದಗಳು ದಿನವಿಡೀ ನಿಂತು ಊದಿಕೊಂಡಂಥವು. ಅದರಲ್ಲಿ ಅರ್ಧವೂ ಹೋಗುವುದಿಲ್ಲ. ಅದು ಅವನಿಗೂ ಕಾಣುತ್ತಿತ್ತು. ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಕೇಳಿದ.

"ಅಮ್ಮ, ಇದ್ಯಾರ್ದು?"

ವಜೀರಮ್ಮ ತಲೆ ತಗ್ಗಿಸಲಿಲ್ಲ.

"ನಂದು" ಅಂದಳು.