ತೊಡೆಯ ಮೇಲಿನ ಹುಡುಗ

ಬೀದಿಯವರೆಲ್ಲ ಅವನನ್ನು ಕರೆಯುವುದು ಟಚಿಂಗ್ ಮಾಮ ಎಂದೇ. ವಯಸ್ಸು ಅರವತ್ತೆರಡು. ಅದರಲ್ಲಿ ನಲವತ್ತಮೂರು ವರ್ಷ ಒಂದೇ ಸ್ಟುಡಿಯೋದ ಹಿಂಬದಿಯ ಕೋಣೆಯಲ್ಲಿ, ಒಂದೇ ಮೇಜಿನ ಮುಂದೆ ಬೆನ್ನು ಬಗ್ಗಿಸಿ ಕಳೆದಿದ್ದಾನೆ. ಹಳೆಯ ಫೋಟೋಗಳಿಗೆ ಟಚಿಂಗ್ ಮಾಡುವುದು, ಅಂದರೆ ಕುಂಚ, ಕತ್ತರಿ ಹಿಡಿದು ತಿದ್ದುವುದು, ಅವನ ಕಸುಬು. ಮುಚ್ಚಿದ ಕಣ್ಣು ತೆರೆಸುತ್ತಾನೆ, ಬೋಳು ತಲೆಗೆ ಕೂದಲು ಬರಿಸುತ್ತಾನೆ, ಜಗಳವಾಡಿ ಹೋದ ಅಳಿಯನನ್ನು ಗುಂಪಿನಿಂದ ಎತ್ತಿ ಆ ಜಾಗದಲ್ಲಿ ಹೂಕುಂಡ ಇಡುತ್ತಾನೆ. ಸತ್ತವರನ್ನು ಮದುವೆಗೆ ಕರೆತರುವುದರಲ್ಲಂತೂ ಅವನದು ಎತ್ತಿದ ಕೈ.

ಈ ಕೊನೆಯ ಕೆಲಸದಲ್ಲಿ ಅವನೊಂದು ವಿಚಿತ್ರ ಕಂಡಿದ್ದ. ಹೆಂಗಸೊಬ್ಬಳು, ತನ್ನ ಮದುವೆಗೆ ಎರಡು ವರ್ಷ ಮೊದಲೇ ತೀರಿಹೋಗಿದ್ದ ಅಪ್ಪನನ್ನು ಮದುವೆಯ ಫೋಟೋದಲ್ಲಿ ಸೇರಿಸಿಕೊಂಡು ಹೋಗಿದ್ದಳು. ಹತ್ತು ವರ್ಷದ ನಂತರ ಅದಕ್ಕೆ ಹೊಸ ಚೌಕಟ್ಟು ಹಾಕಿಸಲು ಬಂದವಳು, "ಅವತ್ತು ಅಪ್ಪಂಗೆ ಕಾಲರ್ ಬಿಗಿಯಾಗಿ ಒಂದೇ ಸಮ ಗೊಣಗ್ತಿದ್ರು ಮಾಮ" ಎಂದು ನಕ್ಕಳು. ಆ ಕಾಲರನ್ನು ಕುಂಚದಲ್ಲಿ ಬರೆದವನು ಮಾಮನೇ. ಆಮೇಲೆ ಒಬ್ಬನೇ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ಜನ ತಮಗೆ ತಾವೇ ಎಷ್ಟು ಚೆನ್ನಾಗಿ ಟೋಪಿ ಹಾಕಿಕೊಳ್ಳುತ್ತಾರೆ ಅನ್ನಿಸಿತ್ತು.

ತನ್ನ ನೆನಪಿನ ಬಗ್ಗೆ ಅವನಿಗೆ ಅಂಥ ಅನುಮಾನವೇ ಇರಲಿಲ್ಲ. ಅಮ್ಮನದು ಅಂತ ಅವನಿಗಿದ್ದದ್ದು ಒಂದೇ ನೆನಪು. ಬಚ್ಚಲುಮನೆ, ಕಣ್ಣಲ್ಲಿ ಸೋಪು, ಕತ್ತಿನ ಹಿಂದೆ ಒದ್ದೆ ಕೈ, "ಕಣ್ಣು ಮುಚ್ಕೋ, ಆಯ್ತು ಆಯ್ತು" ಅನ್ನುವ ದನಿ. ತನಗೆ ಮೂರು ವರ್ಷವಾಗಿದ್ದಾಗ ಅಮ್ಮ ಜ್ವರ ಬಂದು ತೀರಿಕೊಂಡಳು ಎಂದು ಅವನು ಬಲ್ಲ. ಸಾಕ್ಷಿಗೆ ಮೇಜಿನ ಮೇಲುಗಡೆ ಗೋಡೆಯಲ್ಲಿ ಫೋಟೋ ಇತ್ತು. ಕುರ್ಚಿಯಲ್ಲಿ ಅಮ್ಮ, ಪಕ್ಕದಲ್ಲಿ ನಿಂತ ಅಕ್ಕ, ಅಮ್ಮನ ತೊಡೆಯ ಮೇಲೆ ಮೂರು ವರ್ಷದ ಅವನು.

ಮೊನ್ನೆ ಮಧ್ಯಾಹ್ನ, ಕೆಲಸವಿಲ್ಲದ ಹೊತ್ತಿನಲ್ಲಿ, ಗೋಡೆಯ ತೇವಕ್ಕೆ ಆ ಫೋಟೋ ಉಬ್ಬಿದ್ದು ಕಣ್ಣಿಗೆ ಬಿತ್ತು. ಇಳಿಸಿ, ಗಾಜು ತೆಗೆದು, ಭೂತಗನ್ನಡಿ ಹಿಡಿದ. ಹುಡುಗನ ಭುಜದ ಸುತ್ತ ಕೂದಲೆಳೆಯಷ್ಟು ಸಣ್ಣ ಕತ್ತರಿಯ ಗೆರೆ. ಚಿಮಟದ ತುದಿ ತಾಗಿಸಿದ್ದೇ ತಡ, ಹುಡುಗ ಸಲೀಸಾಗಿ ಎದ್ದು ಬಂದ, ತೊಡೆಯಿಂದ ಇಳಿದವನ ಹಾಗೆ. ಕೆಳಗೆ ಅಮ್ಮನ ಹೊಟ್ಟೆ. ತುಂಬಿದ ಬಸುರಿ. ಎರಡೂ ಕೈ ಹೊಟ್ಟೆಯ ಮೇಲಿದ್ದವು.

ಹುಡುಗನನ್ನು ತಿರುಗಿಸಿ ನೋಡಿದ. ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಬರೆದ ತಾರೀಕು, ಇಪ್ಪತ್ತೊಂದು ವರ್ಷ ಹಿಂದಿನದು. ತಾನು ಮಾಡಿದ ಪ್ರತಿ ಕೆಲಸದ ಹಿಂದೆಯೂ ಅವನು ಹಾಗೆ ತಾರೀಕು ಹಾಕುವುದುಂಟು. ಅಕ್ಷರ ಅವನದೇ. ಎಷ್ಟು ತಲೆ ಕೆರೆದುಕೊಂಡರೂ ಅಂಟಿಸಿದ ನೆನಪು ಮಾತ್ರ ಬರಲಿಲ್ಲ. ಅಂಗಡಿ ಹಾಗೇ ಬಿಟ್ಟು, ಫೋಟೋ, ಹುಡುಗ ಎರಡನ್ನೂ ಹಿಡಿದು, ಎರಡು ಬೀದಿ ಆಚೆ ಇದ್ದ ಅಕ್ಕನ ಮನೆಗೆ ಓಡಿದ.

ಅಕ್ಕ ಫೋಟೋ ನೋಡಿ ಬೆಚ್ಚಲಿಲ್ಲ.

"ಓ, ಮತ್ತೆ ಬಿಟ್ಕೊಳ್ತಾ?" ಎಂದಳು.

"ಮತ್ತೆ ಅಂದ್ರೆ?"

"ಕೂತ್ಕೋ, ಮೊದಲು ನೀರು ಕುಡಿ. ಹೋದ ಸಲ ಇಲ್ಲೇ ತಲೆ ಸುತ್ತಿ ಬಿದ್ದಿದ್ದೆ."

ಅಮ್ಮ ಸತ್ತದ್ದು ಜ್ವರದಿಂದಲ್ಲ, ಅವನನ್ನು ಹೆತ್ತ ದಿನವೇ ಎಂದು ಅಕ್ಕ ಹೇಳಿದಳು. ಮನೆಯವರೆಲ್ಲ ಸೇರಿ ಜ್ವರದ ಕಥೆ ಹೇಳಿ ಅದನ್ನು ಮುಚ್ಚಿಟ್ಟಿದ್ದರು. ಅವನಿಗೆ ಹತ್ತೊಂಬತ್ತಾದಾಗ ಚಿಕ್ಕಮ್ಮ ಯಾವುದೋ ಜಗಳದಲ್ಲಿ "ಹುಟ್ತಾನೇ ತಾಯೀನ ನುಂಗ್ದೋನು" ಎಂದುಬಿಟ್ಟಳು. ಆಗಷ್ಟೇ ಕಸುಬು ಕಲಿಯುತ್ತಿದ್ದ ಅವನು ಮೂರು ದಿನ ಊಟ ನಿದ್ದೆ ಬಿಟ್ಟ. ನಾಲ್ಕನೆಯ ದಿನ, ಪೆಟ್ಟಿಗೆಯ ತಳದಲ್ಲಿ ಅಡಗಿಸಿಟ್ಟಿದ್ದ ಈ ಫೋಟೋ ಹುಡುಕಿ ತೆಗೆದು, ತನ್ನ ಮೂರು ವರ್ಷದ ಚಿತ್ರ ಕತ್ತರಿಸಿ ಅಮ್ಮನ ತೊಡೆಯ ಮೇಲೆ ಕೂರಿಸಿದ. ತಿಂಗಳು ಕಳೆಯುವುದರೊಳಗೆ ಚಿಕ್ಕಮ್ಮನ ಮಾತು ಮರೆತು ಬಚ್ಚಲುಮನೆಯ ಕಥೆ ಹೇಳತೊಡಗಿದ.

"ಹಾಗಾದ್ರೆ ಆ ಕೈ?" ಮಾಮ ಕತ್ತಿನ ಹಿಂದೆ ಕೈ ಇಟ್ಟುಕೊಂಡ. "ನನ್ನ ಕತ್ತಿನ ಹಿಂದೆ... ಅದು ಯಾರ ಕೈ ಅಕ್ಕ?"

ಅಕ್ಕ ತನ್ನ ಬಲಗೈಯನ್ನು ಮುಂದೆ ಚಾಚಿ ನೋಡಿಕೊಂಡಳು. "ನಿಂಗೆ ಸ್ನಾನ ಮಾಡಿಸ್ತಿದ್ದೋಳು ನಾನು ಕಣೋ. ಅದನ್ನ ಅಮ್ಮಂಗೆ ಕೊಟ್ಬಿಟ್ಟೆ ನೀನು. ಹೋಗ್ಲಿ, ಅಮ್ಮಂಗೆ ತಾನೆ ಅಂತ ನಾನೂ ಸುಮ್ನಿದ್ದೆ."

ಮಾಮನಿಗೆ ಅಳು ಉಕ್ಕಿ ಬಂತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಇಷ್ಟೆಲ್ಲ ಕೇಳಿದ ಮೇಲೂ ಒಳಗೆ "ಕಣ್ಣು ಮುಚ್ಕೋ" ಅನ್ನುತ್ತಿದ್ದದ್ದು ಅಮ್ಮನ ದನಿಯೇ, ಅಕ್ಕನದಲ್ಲ. ಹುಡುಗನನ್ನು ಅಕ್ಕನ ಅಂಗೈಗೆ ತುರುಕಿದ.

"ಇದನ್ನ ನೀನೇ ಇಟ್ಕೋ. ನಾನು ಬಂದು ಕಾಲಿಗೆ ಬಿದ್ರೂ ಕೊಡ್ಬೇಡ. ಇನ್ನು ಅಂಟಿಸಲ್ಲ."

ಅಕ್ಕ ಎದ್ದು ಕಪಾಟಿನಿಂದ ಗುಂಡಿಗಳ ಡಬ್ಬಿ ತಂದು ಮುಚ್ಚಳ ತೆಗೆದಳು. ಗುಂಡಿಗಳ ನಡುವೆ ಇನ್ನೊಬ್ಬ ಹುಡುಗ ಮಲಗಿದ್ದ. ಅದೇ ಅಂಗಿ, ಅದೇ ನಗು, ಬಣ್ಣ ಮಾತ್ರ ಇನ್ನಷ್ಟು ಮಾಸಿತ್ತು.

"ಇದು ನೀನು ಮೊದಲು ಅಂಟಿಸಿದ್ದು. ಇಪ್ಪತ್ತೊಂದು ವರ್ಷದ ಹಿಂದೆ ಬಿಟ್ಕೊಳ್ತು. ಹೀಗೇ ಓಡಿ ಬಂದೆ, ಹೀಗೇ ಕೈಗೆ ತುರುಕ್ದೆ, ಇನ್ನು ಅಂಟಿಸಲ್ಲ ಅಂದೆ. ಎಂಟು ದಿನ ಬಿಟ್ಟು ಬಂದು ನೋಡ್ತೀನಿ, ಹೊಸ ಹುಡುಗನ್ನ ಮಾಡಿ ಕೂರಿಸಿದ್ದೀಯ. ಕೇಳಿದ್ರೆ, ಯಾವ ಹುಡುಗ ಅಕ್ಕ ಅಂತ ನನ್ನೇ ಪಿಳಿಪಿಳಿ ನೋಡ್ದೆ."

ಮಾಮ ಫೋಟೋವನ್ನೂ ಅವಳ ಕಡೆ ತಳ್ಳಿದ. "ಈ ಸಲ ಇದೂ ನಿನ್ನ ಹತ್ರಾನೇ ಇರ್ಲಿ. ನಾನು ಮರೆತ್ರೆ ತೋರ್ಸು. ಬೈದು ಹೇಳು. ಇದು ಗೊತ್ತಿರೋಳು ನೀನೊಬ್ಳೇ."

ಅಕ್ಕ ಇಬ್ಬರು ಹುಡುಗರನ್ನೂ ಡಬ್ಬಿಯೊಳಗೆ ಪಕ್ಕಪಕ್ಕ ಮಲಗಿಸಿದಳು.

"ಎಪ್ಪತ್ತಾಯ್ತು ನಂಗೆ," ಎಂದಳು. "ಈಗೀಗ ಆ ಬಚ್ಚಲಲ್ಲಿ ನಂಗೂ ಅಮ್ಮಾನೇ ಕಾಣ್ತಾಳೆ ಕಣೋ."